ಪಕ್ಕದ ಮನೆ ಅಜ್ಜಿ ಕೊಟ್ಟ ಗಾಜಿನ ನೆಗೆಟಿವ್‌ಗಳನ್ನು ಏನು ಮಾಡಲಿ?

ಓದುಗರ ಪ್ರಶ್ನೆ: ನಾನು ದಾವಣಗೆರೆಯವನು. ಈಗ ಅಮೆರಿಕದ ನೆಬ್ರಾಸ್ಕಾ ರಾಜ್ಯದ ಓಮಾಹಾದಲ್ಲಿ ಕೆಲಸ. ನಮ್ಮ ಪಕ್ಕದ ಮನೆಯ ಅಜ್ಜಿಗೆ 85 ದಾಟಿದೆ, ಮನೆ ಮಾರಿ ವೃದ್ಧಾಶ್ರಮಕ್ಕೆ ಹೋಗುತ್ತಿದ್ದಾರೆ. ಹೋಗುವ ಮುಂಚೆ ನನ್ನನ್ನು ಕರೆದು ಒಂದು ಮರದ ಪೆಟ್ಟಿಗೆ ಕೊಟ್ಟರು. ಒಳಗೆ ಸುಮಾರು 40 ಗಾಜಿನ ನೆಗೆಟಿವ್‌ಗಳಿವೆ. ಅವರ ತಾತನ ಕಾಲದವಂತೆ, ನೆಬ್ರಾಸ್ಕಾದ ಕಸ್ಟರ್ ಕೌಂಟಿಯವಂತೆ. ಮಣ್ಣಿನ ಮನೆ ಮುಂದೆ ನಿಂತ ಕುಟುಂಬಗಳು, ಕುದುರೆಗಳು, ಗಾಳಿಯಂತ್ರ, ಶಾಲೆ ಮಕ್ಕಳು, ಹೀಗೆ. ಧೂಳು ತುಂಬಾ ಇದೆ. ಅಂಚುಗಳಲ್ಲಿ ನೀಲಿ ಬೆಳ್ಳಿಯಂಥ ಹೊಳಪು ಬಂದಿದೆ, ಕೆಲವದರಲ್ಲಿ ಪದರ ಏಳುತ್ತಿದೆ. ಒದ್ದೆ ಬಟ್ಟೆಯಲ್ಲಿ ಒರೆಸಬಹುದಾ? ಸಾಲೊಮನ್ ಬುಚರ್ ಅನ್ನುವವರು ತೆಗೆದದ್ದಾದರೆ ತುಂಬಾ ಬೆಲೆ ಬಾಳುತ್ತವೆ ಅಂತ ಗೆಳೆಯ ಹೇಳುತ್ತಾನೆ, ನಿಜವಾ? ಒಂದು ಫೋಟೋದಲ್ಲಿ ಮಗುವಿನ ಕಣ್ಣು ಬೆಳ್ಳಗೆ, ಭಯ ಆಗುವ ಹಾಗಿದೆ. ಅದು ಸತ್ತ ಮಗು, ಮನೆಯಲ್ಲಿ ಇಡುವುದು ಬೇಡ ಅಂತ ನನ್ನ ಹೆಂಡತಿ. ಪೆಟ್ಟಿಗೆಯ ತಳದಲ್ಲಿ ಒಂದು ತಗಡಿನ ಡಬ್ಬಿ, ಅದರಲ್ಲಿ ಸುರುಳಿ ಸುತ್ತಿದ ಫಿಲ್ಮ್, ಅಂಟಂಟು, ಘಾಟು ವಾಸನೆ. ನಾವು ಮುಂದಿನ ವರ್ಷ ಊರಿಗೆ ವಾಪಸ್ ಬರುವ ಯೋಚನೆಯಲ್ಲಿದ್ದೇವೆ. ಇವನ್ನು ಜೊತೆಗೆ ತರಬಹುದಾ? ಸ್ಕ್ಯಾನ್ ಮಾಡಿ, ಎಐಯಿಂದ ಬಣ್ಣ ತುಂಬಿಸಿ ಎಲ್ಲರಿಗೂ ಕಾಣುವ ಹಾಗೆ ಹಾಕಿದರೆ ಕಾನೂನಿನ ತೊಂದರೆ ಇದೆಯಾ?

ಉತ್ತರ: ಮೊದಲು ಆ ತಗಡಿನ ಡಬ್ಬಿ. ಉಳಿದದ್ದೆಲ್ಲ ಒಂದು ವಾರ ತಡವಾದರೂ ನಡೆಯುತ್ತದೆ, ಇದು ನಡೆಯುವುದಿಲ್ಲ.

ಹಳೆಯ ಫಿಲ್ಮ್ ಅಂಟಂಟಾಗಿ, ಹಳದಿಯಾಗಿ, ಮೂಗಿಗೆ ಹೊಡೆಯುವ ಘಾಟು ಬರುತ್ತಿದ್ದರೆ ಅದು ನೈಟ್ರೇಟ್ ಫಿಲ್ಮ್ ಇರುವ ಸಾಧ್ಯತೆ ಜಾಸ್ತಿ. 1889ರ ಸುಮಾರಿಗೆ ಶುರುವಾಗಿ 1950ರ ದಶಕದ ಆರಂಭದವರೆಗೂ ಇಂಥ ಫಿಲ್ಮ್ ಬಳಕೆಯಲ್ಲಿತ್ತು. ಹಾಳಾಗುತ್ತಾ ಹೋದ ಹಾಗೆ ಅದು ಸುಲಭವಾಗಿ ಹೊತ್ತಿಕೊಳ್ಳುತ್ತದೆ. ತೀರಾ ಹದಗೆಟ್ಟ ಸುರುಳಿ ಮುಚ್ಚಿದ ಡಬ್ಬಿಯಲ್ಲಿ 40 ಡಿಗ್ರಿ ಆಸುಪಾಸಿನ ಬಿಸಿಯಲ್ಲಿ ಬಹಳ ದಿನ ಇದ್ದರೆ ತಾನಾಗೇ ಹತ್ತಿಕೊಂಡದ್ದೂ ಇದೆ. ಉರಿಯಲು ಬೇಕಾದ ಆಮ್ಲಜನಕ ಅದರಲ್ಲೇ ಇರುವುದರಿಂದ, ಒಮ್ಮೆ ಹತ್ತಿದರೆ ನೀರು ಹಾಕಿದರೂ ಆರುವುದಿಲ್ಲ. ಹೊಗೆಯೂ ವಿಷ. ಅದು ಬಿಡುವ ಆಮ್ಲದ ಹಬೆ ಪಕ್ಕದ ಗಾಜಿನ ನೆಗೆಟಿವ್‌ಗಳನ್ನೂ ತಿನ್ನುತ್ತದೆ. ಹಾಗಾಗಿ ಡಬ್ಬಿಯನ್ನು ಇವತ್ತೇ ಪೆಟ್ಟಿಗೆಯಿಂದ ಬೇರೆ ಮಾಡಿ. ಹೀಟರ್, ಒಲೆ, ಬಿಸಿಲಿನಿಂದ ದೂರ, ತಂಪಾದ ಗಾಳಿಯಾಡುವ ಜಾಗದಲ್ಲಿಡಿ. ಮುಚ್ಚಳ ಬಿಗಿಯಾಗಿ ಹಾಕಬೇಡಿ. ಸುರುಳಿ ಬಿಚ್ಚಬೇಡಿ. ಪೋಸ್ಟಿನಲ್ಲಿ ಯಾರಿಗೂ ಕಳಿಸಬೇಡಿ, ಕಾನೂನು ಪ್ರಕಾರ ಅದು ಅಪಾಯಕಾರಿ ಸಾಮಾನು. ಬಿಚ್ಚದೆಯೇ ಅಂಚು ಕಂಡರೆ ಇಂಗ್ಲಿಷಿನಲ್ಲಿ ‘ಸೇಫ್ಟಿ’ ಅಂತ ಅಚ್ಚಾಗಿದೆಯಾ ನೋಡಿ. ಹಾಗಿದ್ದು ವಿನೆಗರ್‌ನ ಹುಳಿ ವಾಸನೆ ಬರುತ್ತಿದ್ದರೆ ಅದು ಅಸಿಟೇಟ್ ಅನ್ನುವ ಬೇರೆ ಜಾತಿಯ ಫಿಲ್ಮ್. ಅದೂ ಹಾಳಾಗುತ್ತಿದೆ, ಆದರೆ ಬೆಂಕಿಯ ಭಯ ಇಲ್ಲ. ನೈಟ್ರೇಟ್ ಅನ್ನಿಸಿದರೆ ನಿಮ್ಮ ಊರಿನ ಅಗ್ನಿಶಾಮಕ ದಳಕ್ಕೋ ಅಪಾಯಕಾರಿ ತ್ಯಾಜ್ಯ ತೆಗೆದುಕೊಳ್ಳುವ ಕೇಂದ್ರಕ್ಕೋ ಫೋನ್ ಮಾಡಿ. ಅದಕ್ಕೂ ಮುಂಚೆ ನೆಬ್ರಾಸ್ಕಾದ ರಾಜಧಾನಿ ಲಿಂಕನ್ನಿನಲ್ಲಿರುವ ನೆಬ್ರಾಸ್ಕಾ ಸ್ಟೇಟ್ ಹಿಸ್ಟಾರಿಕಲ್ ಸೊಸೈಟಿಯವರನ್ನು (ಕೆಲವು ವರ್ಷ ಇದರ ಹೆಸರು ಹಿಸ್ಟರಿ ನೆಬ್ರಾಸ್ಕಾ ಅಂತ ಇತ್ತು), ಅಂದರೆ ರಾಜ್ಯದ ಇತಿಹಾಸ ಸಂಸ್ಥೆಯವರನ್ನು, ಒಂದು ಮಾತು ಕೇಳಿ. ಚಿತ್ರ ಉಳಿಸುವ ದಾರಿ ಇದ್ದರೆ ಅವರಿಗೆ ಗೊತ್ತಿರುತ್ತದೆ.

ಡಬ್ಬಿ ಆಚೆ ಹೋದ ಮೇಲೆ ಮಾಡಬೇಕಾದ ಕೆಲಸವನ್ನು ನೀವು ಕೇಳಿಯೇ ಇಲ್ಲ. ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಅದೇ. ಆ ಅಜ್ಜಿ ಇನ್ನೂ ಪಕ್ಕದ ಮನೆಯಲ್ಲಿದ್ದಾರೆ, ಮಾತಾಡುತ್ತಾರೆ, ನೆನಪಿದೆ. ಅವರ ಜೊತೆ ಹೋಗಿ ಕೂತುಕೊಳ್ಳಿ. ಸ್ಕ್ಯಾನು, ಕಾಪಿರೈಟು ಎಲ್ಲ ಆಮೇಲೆ. ಗಾಜನ್ನು ಅವರ ಕೈಗೆ ಕೊಡುವುದು ಬೇಡ. ಲ್ಯಾಪ್‌ಟಾಪಿನಲ್ಲಿ ಬಿಳಿ ಪರದೆ ಹಾಕಿ, ಅದರ ಮುಂದೆ ಒಂದೊಂದೇ ಪ್ಲೇಟನ್ನು (ಗಾಜಿನ ನೆಗೆಟಿವ್ ಅನ್ನೇ ಹಾಗೆ ಅನ್ನುತ್ತಾರೆ) ಮುಟ್ಟಿಸದ ಹಾಗೆ ಹಿಡಿದು ಫೋನಿನಲ್ಲಿ ಫೋಟೋ ತೆಗೆಯಿರಿ, ಫೋನಿನಲ್ಲೇ ಕಪ್ಪನ್ನು ಬಿಳುಪಾಗಿ, ಬಿಳುಪನ್ನು ಕಪ್ಪಾಗಿ ತಿರುಗಿಸಿ. ಅಷ್ಟು ಗುಣಮಟ್ಟ ಈ ಕೆಲಸಕ್ಕೆ ಧಾರಾಳ ಸಾಕು. ಒಂದೊಂದಕ್ಕೂ ಸಂಖ್ಯೆ ಕೊಡಿ. ದೊಡ್ಡದು ಮಾಡಿ ಅಜ್ಜಿಗೆ ತೋರಿಸಿ, ಅವರ ಒಪ್ಪಿಗೆ ಕೇಳಿ ಮಾತನ್ನು ರೆಕಾರ್ಡ್ ಮಾಡಿಕೊಳ್ಳಿ. ‘ಇವರು ಯಾರು’ ಅಂತ ಮಾತ್ರ ಕೇಳಿದರೆ ಸಾಮಾನ್ಯವಾಗಿ ‘ಗೊತ್ತಿಲ್ಲ’ ಅನ್ನುತ್ತಾರೆ. ‘ಈ ಬಾವಿ ಎಲ್ಲಿತ್ತು, ಈ ಶಾಲೆಗೆ ಯಾರು ಹೋಗುತ್ತಿದ್ದರು, ನಿಮ್ಮ ಅಮ್ಮ ಈ ಮನೆ ಬಗ್ಗೆ ಏನು ಹೇಳುತ್ತಿದ್ದರು’ ಅಂತ ಕೇಳಿ, ಹೆಸರುಗಳು ತಾವಾಗೇ ಬರುತ್ತವೆ. ತಾತನೇ ಕ್ಯಾಮೆರಾ ಇಟ್ಟುಕೊಂಡಿದ್ದರಾ, ಇಲ್ಲ ಊರೂರು ತಿರುಗುವ ಫೋಟೋಗ್ರಾಫರ್ ಬಂದು ತೆಗೆದದ್ದಾ, ಇದನ್ನೂ ಕೇಳಿ, ಯಾಕೆ ಅಂತ ಮುಂದೆ ಹೇಳುತ್ತೇನೆ. ಹೆಸರಿಲ್ಲದ ಗಾಜಿನ ನೆಗೆಟಿವ್‌ಗಳು ಅಮೆರಿಕದ ಹಳೆ ಸಾಮಾನಿನ ಅಂಗಡಿಗಳಲ್ಲಿ ರಾಶಿ ಬಿದ್ದಿವೆ. ಅದೇ ನೆಗೆಟಿವ್ ಜೊತೆ ‘ಇವರು ಇಂಥವರು, ಈ ಮನೆ ಇಂಥ ಕಡೆ ಇತ್ತು’ ಅನ್ನುವ ಎರಡು ಸಾಲು ಇದ್ದರೆ ಅದು ಒಂದು ಕೌಂಟಿಯ ದಾಖಲೆ. ಆ ಎರಡು ಸಾಲು ಈಗ ಒಬ್ಬರ ತಲೆಯಲ್ಲಿ ಮಾತ್ರ ಇದೆ.

ಮರದ ಪೆಟ್ಟಿಗೆ, ಒಳಗಿನ ಹಳೆ ರಟ್ಟಿನ ಡಬ್ಬಿಗಳು, ಲಕೋಟೆಗಳು, ಯಾವುದನ್ನೂ ಎಸೆಯಬೇಡಿ. ರಟ್ಟಿನ ಮೇಲೆ ಸೀಡ್, ಕ್ರೇಮರ್, ಹ್ಯಾಮರ್ ಅಂತ ಇರಬಹುದು. ಈ ಮೂರೂ ಸೇಂಟ್ ಲೂಯಿಸ್‌ನ ಪ್ಲೇಟ್ ಕಂಪನಿಗಳು. ಸೀಡ್ ಕಂಪನಿಯನ್ನು 1902ರಲ್ಲಿ ಈಸ್ಟ್‌ಮನ್ ಕೊಡಕ್ ಕೊಂಡುಕೊಂಡಿತು, ಹಾಗಾಗಿ ಸೀಡ್ ಡಬ್ಬಿಯ ಮೇಲೆ ಕೊಡಕ್ ಹೆಸರೂ ಇದ್ದರೆ ಡಬ್ಬಿ 1902ರ ನಂತರದ್ದು. ಡಬ್ಬಿ ಅಂತ ಹೇಳಿದೆ, ಫೋಟೋ ಅಂತ ಅಲ್ಲ. ಆಗಿನ ಜನ ಖಾಲಿ ಡಬ್ಬಿಯಲ್ಲಿ ಬೇರೆ ಪ್ಲೇಟ್ ತುಂಬಿಡುತ್ತಿದ್ದರು. ಇದು ಸುಳಿವು ಅಷ್ಟೇ, ಸಾಕ್ಷಿಯಲ್ಲ. ಪ್ಲೇಟುಗಳು ಯಾವ ಕ್ರಮದಲ್ಲಿವೆ ಅನ್ನುವುದನ್ನೂ ಬರೆದಿಟ್ಟುಕೊಳ್ಳಿ, ಪಕ್ಕಪಕ್ಕ ಇರುವವು ಎಷ್ಟೋ ಸಲ ಒಂದೇ ದಿನ ತೆಗೆದವು.

ಇನ್ನು ಒದ್ದೆ ಬಟ್ಟೆ. ದಯವಿಟ್ಟು ಬೇಡ. ನನ್ನ ಕೈಗೆ ಬಂದ ಹಾಳಾದ ಪ್ಲೇಟುಗಳಲ್ಲಿ ತುಂಬಾ ಜಾಸ್ತಿ ಕಾಲದಿಂದ ಕೆಟ್ಟವಲ್ಲ, ಯಾರೋ ಪ್ರೀತಿಯಿಂದಲೇ ಒರೆಸಿ ಕೆಟ್ಟವು. ಗಾಜಿನ ಒಂದು ಮುಖ ನುಣುಪಾಗಿ ಹೊಳೆಯುತ್ತದೆ, ಅದು ಬರೀ ಗಾಜು. ಇನ್ನೊಂದು ಮುಖ ಸ್ವಲ್ಪ ಮಂಕು, ಅಲ್ಲಿ ಜೆಲಾಟಿನ್ ಪದರ ಇದೆ, ಆ ಪದರದೊಳಗೆ ಸಣ್ಣ ಸಣ್ಣ ಬೆಳ್ಳಿಯ ಕಣಗಳೇ ಚಿತ್ರ. ಜೆಲಾಟಿನ್‌ಗೆ ನೀರು ತಾಗಿದರೆ ಉಬ್ಬುತ್ತದೆ, ಗಾಜಿನಿಂದ ಬಿಡುತ್ತದೆ. ಹಿಂದೆ ಯಾವಾಗಲಾದರೂ ಬೂಸ್ಟು ಹಿಡಿದಿದ್ದರೆ ಇನ್ನೂ ಕಷ್ಟ, ಬೂಸ್ಟು ತಿಂದ ಜೆಲಾಟಿನ್ ನೀರಿನಲ್ಲಿ ಕರಗಿಯೇ ಹೋಗುತ್ತದೆ. ಸ್ಪಿರಿಟ್ಟು, ಕನ್ನಡಕ ಒರೆಸುವ ದ್ರವ ಇವೂ ಬೇಡ. ಗಾಜಿನ ನೆಗೆಟಿವ್‌ಗಳಲ್ಲಿ ಇದಕ್ಕೂ ಹಳೆಯ ಇನ್ನೊಂದು ಜಾತಿ ಇದೆ, ಕೊಲೋಡಿಯನ್ ಅಂತ, ಅದರ ಚಿತ್ರ ಆಲ್ಕೋಹಾಲ್‌ನಲ್ಲಿ ಕರಗುತ್ತದೆ. ನಿಮ್ಮದು ಕಾಲ ನೋಡಿದರೆ ಬಹುತೇಕ ಜೆಲಾಟಿನ್ ಪ್ಲೇಟುಗಳೇ, ಆದರೆ ನೋಡದೆ ಹೇಳಲಾಗದು.

ಅಂಚಿನ ನೀಲಿ ಹೊಳಪು ನೋಡಿ ಗಾಬರಿಯಾಗಬೇಡಿ. ಗಾಳಿಯ ತೇವ, ಹಳೆ ಕಾಗದ ಬಿಡುವ ಆಮ್ಲ, ಹೊಗೆ, ಇವೆಲ್ಲ ಸೇರಿ ಬೆಳ್ಳಿಯನ್ನು ಸ್ವಲ್ಪ ಸ್ವಲ್ಪವೇ ತಿನ್ನುತ್ತವೆ. ಹಾಗೆ ಬಿಟ್ಟುಕೊಂಡ ಬೆಳ್ಳಿ ಪದರದ ಮೇಲಕ್ಕೆ ಬಂದು ಅಲ್ಲಿ ಮತ್ತೆ ಲೋಹವಾಗಿ ಕೂರುತ್ತದೆ. ಗಾಳಿ ಮೊದಲು ತಾಗುವುದು ಅಂಚಿಗೆ, ಅದಕ್ಕೇ ಅಂಚಿನಲ್ಲಿ ಜಾಸ್ತಿ. ಉಜ್ಜಿದರೆ ಹೊಳಪು ಹೋಗುತ್ತದೆ ನಿಜ, ಆದರೆ ನೀವು ಉಜ್ಜಿ ತೆಗೆದದ್ದು ಚಿತ್ರದ್ದೇ ಬೆಳ್ಳಿ. ಹಾಗೇ ಬಿಡಿ, ಸ್ಕ್ಯಾನ್‌ನಲ್ಲಿ ಅಷ್ಟೇನೂ ತೊಂದರೆ ಕೊಡುವುದಿಲ್ಲ. ಪದರ ಏಳುತ್ತಿರುವುದು ಮಾತ್ರ ನಿಜವಾದ ಕಾಯಿಲೆ. ನೆಬ್ರಾಸ್ಕಾದ ಚಳಿಗಾಲದಲ್ಲಿ ಹೀಟರ್ ಹಾಕಿದ ಮನೆಯ ಗಾಳಿ ತೀರಾ ಒಣಗಿರುತ್ತದೆ, ಬೇಸಿಗೆಯಲ್ಲಿ ನೆಲಮಾಳಿಗೆ ತೇವವಾಗಿರುತ್ತದೆ. ಜೆಲಾಟಿನ್ ಒಮ್ಮೆ ಹಿಗ್ಗುತ್ತದೆ, ಒಮ್ಮೆ ಕುಗ್ಗುತ್ತದೆ, ಗಾಜು ಇದ್ದ ಹಾಗೇ ಇರುತ್ತದೆ. ನೂರು ವರ್ಷ ಇದೇ ಎಳೆದಾಟ ನಡೆದರೆ ಅಂಚು ಬಿಡಲೇಬೇಕು.

ಪದರ ಎದ್ದಿರುವ ಪ್ಲೇಟುಗಳನ್ನು ಬೇರೆ ಮಾಡಿ, ಪದರದ ಮುಖ ಮೇಲೆ ಬರುವ ಹಾಗೆ ಸಪಾಟಾಗಿ ಮಲಗಿಸಿಡಿ. ಅವುಗಳಿಗೆ ಬ್ರಷ್ ಕೂಡ ತಾಗಿಸಬೇಡಿ. ಚೆನ್ನಾಗಿರುವವಕ್ಕೆ ರಬ್ಬರ್ ಗಾಳಿಯುಂಡೆಯಿಂದ ಊದಿ, ತುಂಬಾ ಮೆತ್ತಗಿನ ಬ್ರಷ್ಷಿನಿಂದ ಧೂಳು ಸರಿಸಿ, ಅಷ್ಟೇ. ಬಾಯಿಂದ ಊದಬೇಡಿ, ಎಂಜಲು ಹಾರುತ್ತದೆ. ಹೊಳೆಯುವ ಗಾಜಿನ ಮುಖವನ್ನು ಮಾತ್ರ, ಡಿಸ್ಟಿಲ್ಡ್ ನೀರಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಹತ್ತಿಯಿಂದ, ಅಂಚಿಗೆ ಹೋಗದೆ, ಒರೆಸಬಹುದು. ಅದೂ ಪದರ ಪೂರ್ತಿ ಗಟ್ಟಿಯಾಗಿದ್ದರೆ. ಕೈಗೆ ಹತ್ತಿಯ ಗ್ಲೌಸ್ ಬೇಡ, ಗಾಜು ಜಾರುತ್ತದೆ. ಡಾಕ್ಟರುಗಳು ಹಾಕುವ ನೈಟ್ರೈಲ್ ಗ್ಲೌಸ್ ಒಳ್ಳೆಯದು. ಆಮೇಲೆ ಒಂದೊಂದನ್ನೂ ನಾಲ್ಕು ಕಡೆ ಮಡಚುವ ಆಮ್ಲರಹಿತ ಕಾಗದದಲ್ಲಿ ಸುತ್ತಿ, ಉದ್ದನೆಯ ಅಂಚಿನ ಮೇಲೆ ನಿಲ್ಲಿಸಿ ಜೋಡಿಸಿ, ನಡುನಡುವೆ ಗಟ್ಟಿ ರಟ್ಟು ಇಡಿ. ಒಂದರ ಮೇಲೊಂದು ಮಲಗಿಸಿದರೆ ಮೇಲಿನವುಗಳ ಭಾರಕ್ಕೆ ಕೆಳಗಿನದು ಸೀಳುತ್ತದೆ. ಕಾಗದ ಕೊಳ್ಳುವಾಗ ‘ಆಸಿಡ್ ಫ್ರೀ’ ಅಂತ ಬರೆದಿದ್ದರೆ ಸಾಲದು, ಫೋಟೋಗಳಿಗೆ ಅಂತಲೇ ಮಾಡುವ ಪಿಎಟಿ ಪರೀಕ್ಷೆ ಪಾಸಾದದ್ದು ಕೇಳಿ ತೆಗೆದುಕೊಳ್ಳಿ. ಪೆಟ್ಟಿಗೆಯನ್ನು ಮನೆಯ ಒಳಗಿನ ಕಪಾಟಿನಲ್ಲಿಡಿ. ಅಟ್ಟ ಬೇಡ, ನೆಲಮಾಳಿಗೆ ಬೇಡ.

ಬುಚರ್ ವಿಷಯಕ್ಕೆ ಬರೋಣ. ಸಾಲೊಮನ್ ಬುಚರ್ 1880ರಲ್ಲಿ ಅಪ್ಪನ ಜೊತೆ ಕಸ್ಟರ್ ಕೌಂಟಿಗೆ ಬಂದವರು. ಜಮೀನು ಮಾಡಲು ಹೋಗಿ ಆಗಲಿಲ್ಲ, ಫೋಟೋ ತೆಗೆಯುವುದಕ್ಕೆ ಇಳಿದರು. 1886ರಲ್ಲಿ ಇಡೀ ಕೌಂಟಿಯ ಸಚಿತ್ರ ಇತಿಹಾಸ ಮಾಡಬೇಕು ಅಂತ ಹೊರಟು, ಏಳು ವರ್ಷ ಗಾಡಿ ಕಟ್ಟಿಕೊಂಡು ಮನೆ ಮನೆ ತಿರುಗಿದರು. ಕೌಂಟಿ ಅಂದರೆ ಚಿಕ್ಕದು ಅಂದುಕೊಳ್ಳಬೇಡಿ, ಕಸ್ಟರ್ ಕೌಂಟಿಯ ವಿಸ್ತೀರ್ಣ ಹತ್ತಿರ ಹತ್ತಿರ ನಮ್ಮ ಹಾಸನ ಜಿಲ್ಲೆಯಷ್ಟಿದೆ, ಆದರೆ ಇವತ್ತು ಅಲ್ಲಿರುವ ಜನ ಹತ್ತು ಹನ್ನೊಂದು ಸಾವಿರ. ಆ ಏಳು ವರ್ಷದಲ್ಲಿ 1500ಕ್ಕೂ ಹೆಚ್ಚು ಫೋಟೋ ತೆಗೆದರು. 1899ರಲ್ಲಿ ಮನೆಗೆ ಬೆಂಕಿ ಬಿದ್ದು ಪ್ರಿಂಟುಗಳು, ಜನರಿಂದ ಬರೆದುಕೊಂಡ ಕಥೆಗಳು ಎಲ್ಲ ಸುಟ್ಟವು. ಗಾಜಿನ ನೆಗೆಟಿವ್‌ಗಳು ಕಣಜದಲ್ಲಿದ್ದದ್ದರಿಂದ ಉಳಿದವು. 1901ರಲ್ಲಿ ಪುಸ್ತಕವೂ ಬಂತು. ಕೊನೆಗೆ ಅಷ್ಟೂ ನೆಗೆಟಿವ್‌ಗಳನ್ನು ರಾಜ್ಯದ ಇತಿಹಾಸ ಸಂಸ್ಥೆಗೆ ಮಾರಿದಾಗ ಅವರಿಗೆ ಸಿಕ್ಕಿದ್ದು 600 ಡಾಲರ್. 1927ರಲ್ಲಿ ತೀರಿಕೊಂಡಾಗ, ತನ್ನ ಬದುಕು ಸೋತಿತು ಅಂತಲೇ ಅಂದುಕೊಂಡಿದ್ದರಂತೆ. ಇವತ್ತು ಅಮೆರಿಕದ ವಲಸೆ ರೈತರ ಬಗ್ಗೆ ಯಾವ ಶಾಲಾ ಪುಸ್ತಕ ತೆರೆದರೂ ಅವರ ಫೋಟೋ ಇರುತ್ತದೆ. ಇದನ್ನು ಓದಿದಾಗೆಲ್ಲ ನನಗೆ ಸಂಕಟವಾಗುತ್ತದೆ.

ನಿಮ್ಮ ಗೆಳೆಯರ ಮಾತಿಗೆ ಇದರಲ್ಲೇ ಉತ್ತರ ಇದೆ. ಬುಚರ್ ತೆಗೆದ ನೆಗೆಟಿವ್‌ಗಳಲ್ಲಿ 3000ಕ್ಕೂ ಹೆಚ್ಚು ಈಗಾಗಲೇ ಲಿಂಕನ್ನಿನಲ್ಲಿವೆ. ಯಾರದೋ ಮನೆಯ ಪೆಟ್ಟಿಗೆಯಲ್ಲಿ ಅವರದ್ದು ಸಿಗುವ ಸಾಧ್ಯತೆ ಕಡಿಮೆ. ಸಿಗುವುದೇ ಇಲ್ಲ ಅಂತ ಹೇಳಲಾರೆ, 1902ರ ನಂತರ ಅವರು ಕರ್ನಿ ಊರಿನಲ್ಲಿ ಮಗನ ಜೊತೆ ಸ್ಟುಡಿಯೋ ನಡೆಸಿದರು, ಬೇರೆ ಬೇರೆ ಕೈಗೆ ಒಂದೆರಡು ಹೋಗಿರಬಹುದು. ಆದರೆ 1880ರ ನಂತರ ರೆಡಿಮೇಡ್ ಒಣ ಪ್ಲೇಟುಗಳು ಸಿಗತೊಡಗಿದ ಮೇಲೆ ಫೋಟೋ ತೆಗೆಯಲು ರಸಾಯನ ಕಲಸುವ ಕಷ್ಟವಿರಲಿಲ್ಲ. ಶಾಲೆ ಮೇಷ್ಟರು, ಔಷಧಿ ಅಂಗಡಿಯವರು, ಆಸಕ್ತಿ ಇದ್ದ ರೈತರು, ಎಲ್ಲರೂ ತೆಗೆದರು. ನಿಮ್ಮ ಅಜ್ಜಿಯ ತಾತನೂ ತೆಗೆದಿರಬಹುದು. ಹಣದ ಲೆಕ್ಕದಲ್ಲಿ ಇಂಥ ಪ್ಲೇಟುಗಳಿಗೆ ದೊಡ್ಡ ಬೆಲೆ ಬರುವುದು ಅಪರೂಪ. ಆದರೆ ನಿಜ ಹೇಳಬೇಕೆಂದರೆ, ನನ್ನಂಥವನಿಗೆ ಇನ್ನೊಂದು ಬುಚರ್ ಫೋಟೋಗಿಂತ ಯಾರೂ ನೋಡಿರದ ಈ 40 ಜಾಸ್ತಿ ಕುತೂಹಲ. ಬುಚರ್ ಹೊರಗಿನಿಂದ ಗಾಡಿಯಲ್ಲಿ ಬಂದು ಒಂದು ಗಂಟೆ ನಿಂತು ಹೋದವರು. ಮನೆಯವನೇ ತೆಗೆದಿದ್ದರೆ ಅದರಲ್ಲಿ ಕಾಣುವುದೇ ಬೇರೆ.

ಮಗುವಿನ ಕಣ್ಣಿನ ವಿಷಯ ನಿಮ್ಮ ಹೆಂಡತಿಗೆ ಓದಿ ಹೇಳಿ. ಆಗಿನ ಪ್ಲೇಟುಗಳಿಗೆ ಎಲ್ಲ ಬಣ್ಣವೂ ಒಂದೇ ಥರ ಕಾಣುತ್ತಿರಲಿಲ್ಲ. ನೀಲಿ ಬೆಳಕಿಗೆ ಅವು ಜೋರಾಗಿ ಸ್ಪಂದಿಸುತ್ತಿದ್ದವು, ಕೆಂಪಿಗೆ ಬಹುತೇಕ ಇಲ್ಲವೇ ಇಲ್ಲ. ಹಾಗಾಗಿ ನೀಲಿ ಆಕಾಶ ಬರೀ ಬಿಳಿ, ಬಿಸಿಲಿಗೆ ಕೆಂಪಾದ ಮುಖ ಕಪ್ಪು, ತಿಳಿ ನೀಲಿ ಕಣ್ಣು ಬೆಳ್ಳಗೆ ಗುಡ್ಡೆಯೇ ಇಲ್ಲದ ಹಾಗೆ. ಕಸ್ಟರ್ ಕೌಂಟಿಗೆ ಬಂದವರಲ್ಲಿ ಯುರೋಪ್ ಮೂಲದವರು ತುಂಬಾ ಇದ್ದರು, ನೀಲಿ ಕಣ್ಣು ಅಲ್ಲಿ ಸಾಮಾನ್ಯ. ಆ ಮಗು ನಿಂತಿದ್ದರೆ, ಅಥವಾ ಕೂತು ಕೈಕಾಲು ಸ್ವಲ್ಪ ಅಲುಗಿದ ಹಾಗೆ ಮಸುಕಾಗಿದ್ದರೆ, ಜೀವಂತ ಮಗುವೇ. ಸತ್ತವರನ್ನು ಕಬ್ಬಿಣದ ಸ್ಟ್ಯಾಂಡಿಗೆ ಕಟ್ಟಿ ನಿಲ್ಲಿಸಿ ಫೋಟೋ ತೆಗೆಯುತ್ತಿದ್ದರು ಅನ್ನುವುದು ಇಂಟರ್‌ನೆಟ್ಟಿನಲ್ಲಿ ಹಬ್ಬಿರುವ ಕಥೆ. ಆ ಸ್ಟ್ಯಾಂಡು ಬದುಕಿರುವವರ ತಲೆ ಅಲುಗದಿರಲಿ ಅಂತ ಹಿಂದಿನಿಂದ ಆನಿಸುವುದಕ್ಕೆ ಮಾತ್ರ, ಹೆಣದ ಭಾರ ಅದು ತಡೆಯುವುದಿಲ್ಲ. ಸತ್ತವರ ಫೋಟೋ ತೆಗೆಯುವ ರೂಢಿ ಇದ್ದದ್ದು ನಿಜ, ಅದರಲ್ಲೂ ಮಕ್ಕಳದ್ದು. ಆದರೆ ಅಂಥವುಗಳಲ್ಲಿ ಮಗು ಹಾಸಿಗೆಯಲ್ಲೋ ಶವಪೆಟ್ಟಿಗೆಯಲ್ಲೋ ಅಮ್ಮನ ಮಡಿಲಲ್ಲೋ ಮಲಗಿರುತ್ತದೆ, ಸಾಮಾನ್ಯವಾಗಿ ಕಣ್ಣು ಮುಚ್ಚಿರುತ್ತದೆ. ಒಂದು ವೇಳೆ ನಿಮ್ಮ ಪೆಟ್ಟಿಗೆಯಲ್ಲಿ ಅಂಥದ್ದೇ ಒಂದು ಇದ್ದರೂ ಭಯಪಡುವಂಥದ್ದೇನಿಲ್ಲ. ಎಷ್ಟೋ ಅಪ್ಪ ಅಮ್ಮಂದಿರಿಗೆ ಆ ಮಗುವಿನದ್ದು ಅಂತ ಉಳಿದದ್ದು ಅದೊಂದೇ ಚಿತ್ರ.

ಯಾರೂ ನಗುತ್ತಿಲ್ಲ ಯಾಕೆ ಅನ್ನುವುದಕ್ಕೂ ಇಂಥದ್ದೇ ಒಂದು ಕಥೆ ಇದೆ, ನಿಮಿಷಗಟ್ಟಲೆ ಅಲುಗದೆ ನಿಲ್ಲಬೇಕಿತ್ತು ಅಂತ. ಅದು 1840ರ ಮಾತು. 1880ರ ಒಣ ಪ್ಲೇಟಿಗೆ ಒಳ್ಳೆ ಬಿಸಿಲಿನಲ್ಲಿ ಒಂದು ಸೆಕೆಂಡು, ಅದಕ್ಕಿಂತ ಕಡಿಮೆಯೂ ಸಾಕಿತ್ತು. ನಗದಿರುವುದು ಆಗಿನ ರೀತಿ, ಫೋಟೋ ಅಂದರೆ ಗಂಭೀರವಾದ ಕೆಲಸ. ನಮ್ಮ ತಾತ ಅಜ್ಜಿಯರ ಮದುವೆ ಫೋಟೋಗಳಲ್ಲೂ ಯಾರೂ ನಕ್ಕಿಲ್ಲ ಅಲ್ವಾ.

ಈ ಫೋಟೋಗಳು ದಿನನಿತ್ಯದ ಬದುಕನ್ನು ಇದ್ದ ಹಾಗೇ ತೋರಿಸುತ್ತವೆ ಅನ್ನುವ ನಂಬಿಕೆಯ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಯಾಕೆಂದರೆ ನೀವು ಎಲ್ಲರಿಗೂ ತೋರಿಸುವಾಗ ಕೆಳಗೆ ಏನೋ ಬರೆಯುತ್ತೀರಿ. ಮರವೇ ಇಲ್ಲದ ಆ ಬಯಲಿನಲ್ಲಿ, ಹುಲ್ಲನ್ನು ಬೇರು ಸಮೇತ ನೇಗಿಲಿನಿಂದ ಪಟ್ಟಿಪಟ್ಟಿಯಾಗಿ ಎತ್ತಿ, ಇಟ್ಟಿಗೆಯ ಹಾಗೆ ಕತ್ತರಿಸಿ, ಎರಡು ಮೂರು ಅಡಿ ದಪ್ಪದ ಗೋಡೆ ಕಟ್ಟುತ್ತಿದ್ದರು. ಒಳಗೆ ಕತ್ತಲು. ಆಗಿನ ಪ್ಲೇಟಿಗೆ ಅಷ್ಟು ಬೆಳಕು ಸಾಲದು. ಅದಕ್ಕೇ ಎಲ್ಲರೂ ಹೊರಗೆ ಬಂದು ನಿಲ್ಲುತ್ತಾರೆ, ಜೊತೆಗೆ ಮನೆಯ ಒಳ್ಳೆಯ ಸಾಮಾನೂ ಬರುತ್ತದೆ. ಬುಚರ್ ತೆಗೆದ ಒಂದು ಫೋಟೋದಲ್ಲಿ ಹಿಲ್ಟನ್ ಅನ್ನುವ ಕುಟುಂಬ ಅಂಗಳದ ನಡುವೆ ಆರ್ಗನ್ ವಾದ್ಯ ಇಟ್ಟುಕೊಂಡು ನಿಂತಿದೆ. ಊರ ಕಡೆಯವರಿಗೆ ಕಳಿಸುವ ಚಿತ್ರದಲ್ಲಿ ಮಣ್ಣಿನ ಮನೆ ಕಾಣುವುದು ಆ ತಾಯಿಗೆ ಬೇಡವಾಗಿತ್ತು, ಆರ್ಗನ್ ಕಾಣಬೇಕಿತ್ತು. ರಾಡಿಂಗ್ ಕುಟುಂಬದ 1886ರ ಫೋಟೋದಲ್ಲಿ ಮನೆಯ ಛಾವಣಿಯ ಮೇಲೆ ಹಸು ನಿಂತ ಹಾಗೆ ಕಾಣುತ್ತದೆ, ಮನೆ ಗುಡ್ಡಕ್ಕೆ ಒತ್ತಿ ಕಟ್ಟಿದ್ದು. ರೈತರು ರ‍್ಯಾಂಚಿನ ಬೇಲಿ ಕತ್ತರಿಸುವ ಪ್ರಸಿದ್ಧ ಫೋಟೋ ಇದೆಯಲ್ಲ, ಮುಖಕ್ಕೆ ಬಟ್ಟೆ ಕಟ್ಟಿಕೊಂಡವರು, ಅದು ನಡೆದದ್ದು 1885ರಲ್ಲಿ, ಬುಚರ್ ಜನರನ್ನು ನಿಲ್ಲಿಸಿ ನಟನೆ ಮಾಡಿಸಿ ತೆಗೆದದ್ದು ಎಷ್ಟೋ ವರ್ಷದ ಮೇಲೆ. ನೆಗೆಟಿವ್‌ನಲ್ಲಿ ಕಲೆ ಬಿದ್ದ ಕಡೆ ಅವರು ಟರ್ಕಿ ಕೋಳಿ ಬರೆದು ಮುಚ್ಚಿದ್ದೂ ಇದೆ.

ಹಾಗಂತ ಇವು ಸುಳ್ಳಲ್ಲ. ಜನ ತಮ್ಮನ್ನು ಹೇಗೆ ನೋಡಬೇಕು ಅಂತ ಬಯಸಿದರು ಅನ್ನುವುದು ಅವರ ಬದುಕಿನದ್ದೇ ಭಾಗ. ದಿನನಿತ್ಯದ್ದು ಬೇಕಾದರೆ ನಡುವೆ ನೋಡಬೇಡಿ, ಅಂಚು ನೋಡಿ. ಒಣಹಾಕಿದ ಬಟ್ಟೆ, ಮುರಿದ ಗಾಡಿ ಚಕ್ರ, ಕಿಟಕಿಯ ದಪ್ಪ ಹಲಗೆಯ ಮೇಲೆ ಹೂವಿನ ಡಬ್ಬಿ, ಬರಿಗಾಲಿನ ಹುಡುಗ, ಅಲುಗಿ ಮಸುಕಾದ ನಾಯಿ. ಬುಚರ್ ಪ್ಲೇಟುಗಳನ್ನು ತುಂಬಾ ಸೂಕ್ಷ್ಮವಾಗಿ ಸ್ಕ್ಯಾನ್ ಮಾಡಿದಾಗ, ಪ್ರಿಂಟಿನಲ್ಲಿ ಬರೀ ಕಪ್ಪಾಗಿ ಕಾಣುತ್ತಿದ್ದ ಬಾಗಿಲುಗಳ ಒಳಗಿನ ಸಾಮಾನುಗಳು ಕಾಣಿಸಿಕೊಂಡವು. ಅಷ್ಟು ವಿವರ ಗಾಜಿನಲ್ಲಿ ಮೊದಲಿನಿಂದಲೂ ಇತ್ತು.

ಹೆಸರು ಹುಡುಕುವಾಗ ನಿಮಗೆ ಒಂದು ಗೋಡೆ ಎದುರಾಗುತ್ತದೆ. ಅಮೆರಿಕದ 1890ರ ಜನಗಣತಿಯ ಹಾಳೆಗಳು 1921ರಲ್ಲಿ ವಾಷಿಂಗ್ಟನ್ನಿನಲ್ಲಿ ಬೆಂಕಿ ಬಿದ್ದ ಮೇಲೆ ಬಹುತೇಕ ಇಲ್ಲವಾದವು. 1894ರ ಬರಗಾಲದಲ್ಲಿ ಈ ಕಡೆಯ ಎಷ್ಟೋ ಕುಟುಂಬಗಳು ಜಮೀನು ಬಿಟ್ಟು ಹೋದವು. ಅಂದರೆ 1885ರ ನಂತರ ಬಂದು 1900ರೊಳಗೆ ಹೋದವರು ಜನಗಣತಿಯಲ್ಲಿ ಸಿಗುವುದೇ ಇಲ್ಲ, ಅವರು ಅಲ್ಲಿ ಬದುಕಿದ್ದಕ್ಕೆ ಫೋಟೋ, ಜಮೀನಿನ ಕಾಗದ ಇಷ್ಟೇ ಉಳಿದಿರುವುದು. ಕಸ್ಟರ್ ಕೌಂಟಿಯ ಫೋಟೋಗಳಿಗೆ ಇಷ್ಟು ಬೆಲೆ ಬಂದದ್ದು ಅದರಿಂದಲೂ ಹೌದು. 1885ರಲ್ಲಿ ನೆಬ್ರಾಸ್ಕಾ ತಾನೇ ಒಂದು ಗಣತಿ ಮಾಡಿತ್ತು, ಅದು ಉಳಿದಿದೆ, ಅಲ್ಲಿಂದ ಶುರು ಮಾಡಿ. 1862ರ ಹೋಮ್‌ಸ್ಟೆಡ್ ಕಾನೂನಿನಲ್ಲಿ ಸರ್ಕಾರದಿಂದ 160 ಎಕರೆ ಪಡೆದವರ ದಾಖಲೆಗಳೂ ಇವೆ, ಹಕ್ಕುಪತ್ರಗಳನ್ನು ಕೂತಲ್ಲೇ ಇಂಟರ್‌ನೆಟ್ಟಿನಲ್ಲಿ ಹುಡುಕಬಹುದು. ಗಂಡಸರ ಹೆಸರು ಮಾತ್ರ ಹುಡುಕಬೇಡಿ. ಮದುವೆಯಾಗದ ಹೆಣ್ಣುಮಕ್ಕಳೂ 21 ತುಂಬಿದರೆ ಜಮೀನು ಪಡೆಯಬಹುದಿತ್ತು, ಬುಚರ್ ತೆಗೆದ ಕ್ರಿಸ್ಮನ್ ಅಕ್ಕತಂಗಿಯರ ಫೋಟೋ ಪ್ರಸಿದ್ಧವಾದದ್ದೇ ಅದರಿಂದ. ಅಡ್ಡಹೆಸರು ಬೇರೆ ಇದ್ದರೆ ಸಂಬಂಧಿಕರಲ್ಲ ಅಂತಲೂ ತೀರ್ಮಾನಿಸಬೇಡಿ. 1887ರಲ್ಲಿ ತೆಗೆದ ಶೋರ್ಸ್ ಕುಟುಂಬದ ಫೋಟೋ ಇದೆ, ಗುಲಾಮಗಿರಿಯಿಂದ ಬಿಡುಗಡೆಯಾಗಿ ಬಂದವರು. ಜೆರಿ ಶೋರ್ಸ್ ಮತ್ತು ಅದೇ ಕೌಂಟಿಯ ಮೋಸೆಸ್ ಸ್ಪೀಸ್ ಒಡಹುಟ್ಟಿದ ಅಣ್ಣತಮ್ಮಂದಿರು, ಬೇರೆ ಬೇರೆ ಒಡೆಯರ ಹೆಸರು ಅವರಿಗೆ ಅಂಟಿಕೊಂಡಿತ್ತು.

ಈಗ ನಿಮ್ಮ ಮುಂದಿರುವ ದಾರಿಗಳು. ಸ್ಕ್ಯಾನ್ ಮಾಡುವುದಂತೂ ಮಾಡಲೇಬೇಕು. ಫ್ಲಾಟ್‌ಬೆಡ್ ಸ್ಕ್ಯಾನರ್ ಆದರೆ ನೆಗೆಟಿವ್‌ಗೆ ಬೇಕಾದ, ಮುಚ್ಚಳದಲ್ಲೂ ಬೆಳಕಿರುವಂಥದ್ದೇ ಇರಬೇಕು. ಅದರಲ್ಲಿ ಗಾಜಿನ ಮೇಲೆ ಗಾಜು ಇಡುವ ಅಪಾಯ ಇದೆ, ಮುಚ್ಚಳ ಒತ್ತಿದರೆ ಸೀಳುತ್ತದೆ. ನಾನಾದರೆ ಲೈಟ್ ಪ್ಯಾನೆಲ್ ಮೇಲೆ, ಅಂಚಿಗೆ ಮಾತ್ರ ರಟ್ಟಿನ ಆಸರೆ ಕೊಟ್ಟು ಪ್ಲೇಟ್ ಇಟ್ಟು, ಮೇಲಿನಿಂದ ಕ್ಯಾಮೆರಾದಲ್ಲಿ ತೆಗೆಯುತ್ತೇನೆ. ಎಡಬಲ ತಿರುಗಿದೆಯಾ ಅಂತ ಬೋರ್ಡಿನ ಅಕ್ಷರ, ಅಂಗಿಯ ಗುಂಡಿ ನೋಡಿ ಪರೀಕ್ಷೆ ಮಾಡಿ. ಆರೂವರೆ ಎಂಟೂವರೆ ಇಂಚಿನ ಪ್ಲೇಟನ್ನು ಇಂಚಿಗೆ 1200 ಚುಕ್ಕೆಯ ಲೆಕ್ಕದಲ್ಲಿ 16 ಬಿಟ್ ಟಿಫ್ ಮಾಡಿದರೆ ಒಂದೊಂದು ಫೈಲೂ 150 ಎಂಬಿ ದಾಟುತ್ತದೆ, ಆಗಲಿ. ಎರಡು ಕಡೆ ಪ್ರತಿ ಇಡಿ.

ಮಾರುವುದು ನಿಮ್ಮ ಹಕ್ಕು, ಆದರೆ ಮಾರಿದರೆ ಏನಾಗುತ್ತದೆ ಅಂತ ಗೊತ್ತಿರಲಿ. ವ್ಯಾಪಾರಿಗಳು ಒಂದೊಂದೇ ಬಿಡಿಸಿ ಮಾರುತ್ತಾರೆ, 40 ಪ್ಲೇಟು 40 ಮನೆ ಸೇರುತ್ತವೆ, ಒಂದೇ ಕುಟುಂಬದ್ದು ಅನ್ನುವುದೇ ಅಳಿಸಿ ಹೋಗುತ್ತದೆ. ಊರಿಗೆ ತರುವುದಕ್ಕೆ ಕಾನೂನಿನ ದೊಡ್ಡ ಅಡ್ಡಿಯೇನಿಲ್ಲ, ವಿಮಾನದ ಎಕ್ಸ್‌ರೇಯಿಂದಲೂ ತೊಳೆದು ಮುಗಿಸಿದ ನೆಗೆಟಿವ್‌ಗೆ ಏನೂ ಆಗುವುದಿಲ್ಲ. ಒಡೆಯುವ ಭಯ ಇದೆ, ನಮ್ಮ ಮಳೆಗಾಲದ ತೇವಕ್ಕೆ ಬೂಸ್ಟು ಹಿಡಿಯುವ ಭಯ ಅದಕ್ಕಿಂತ ಜಾಸ್ತಿ ಇದೆ. ಇವನ್ನು ಇಡಲು 30ರಿಂದ 40 ಶೇಕಡಾ ತೇವಾಂಶ ಬೇಕು. ಆದರೆ ನಾನು ಬೇಡ ಅನ್ನುವುದಕ್ಕೆ ಮುಖ್ಯ ಕಾರಣ ಅದಲ್ಲ. ಆ ಫೋಟೋದಲ್ಲಿರುವವರ ಮರಿಮಕ್ಕಳು ಹುಡುಕಿಕೊಂಡು ಹೋಗುವುದು ಬ್ರೋಕನ್ ಬೋ ಊರಿನಲ್ಲಿರುವ ಕಸ್ಟರ್ ಕೌಂಟಿ ಮ್ಯೂಸಿಯಮ್ಮಿಗೆ, ಇಲ್ಲ ಲಿಂಕನ್ನಿಗೆ. ದಾವಣಗೆರೆಯ ಕಪಾಟಿನಲ್ಲಿದ್ದರೆ ಯಾರಿಗೂ ಸಿಗುವುದಿಲ್ಲ. ಅಲ್ಲಿ ಕೊಟ್ಟು, ಒಳ್ಳೆಯ ಸ್ಕ್ಯಾನ್ ಪ್ರತಿ ನೀವು ಇಟ್ಟುಕೊಳ್ಳಿ. ಕೊಡುವ ಮುಂಚೆ ತೆಗೆದುಕೊಳ್ಳುತ್ತಾರಾ, ಎಲ್ಲಿ ಇಡುತ್ತಾರೆ, ಸ್ಕ್ಯಾನ್ ಎಲ್ಲರಿಗೂ ಸಿಗುತ್ತದಾ ಅಂತ ಕೇಳಿ. ಜಾಗ ಇಲ್ಲ ಅಂತ ಬೇಡ ಅನ್ನುವುದೂ ಉಂಟು, ಬೇಜಾರು ಮಾಡಿಕೊಳ್ಳದೆ ಇನ್ನೊಂದು ಕಡೆ ಕೇಳಿ.

ಕಾಪಿರೈಟ್ ವಿಷಯದಲ್ಲಿ ಜನ ತಪ್ಪುವುದು ಒಂದೇ ಕಡೆ, ವಸ್ತು ನಮ್ಮದಾದರೆ ಹಕ್ಕೂ ನಮ್ಮದು ಅಂದುಕೊಳ್ಳುತ್ತಾರೆ. ಅಮೆರಿಕದ ಕಾನೂನಿನಲ್ಲಿ ಇವೆರಡೂ ಬೇರೆ. ಎಲ್ಲೂ ಪ್ರಕಟವಾಗದ ಫೋಟೋಗೆ ತೆಗೆದವರು ಸತ್ತು 70 ವರ್ಷದವರೆಗೆ ಹಕ್ಕು ಇರುತ್ತದೆ. ತೆಗೆದವರು ಯಾರೆಂದೇ ಗೊತ್ತಿಲ್ಲದಿದ್ದರೆ ತೆಗೆದ ವರ್ಷದಿಂದ 120 ವರ್ಷ. ತಾತ ತೆಗೆದರಾ ಅಂತ ಕೇಳಿ ಅಂದದ್ದು ಇದಕ್ಕೇ. ತಾತ ತೆಗೆದು 1955ರ ನಂತರವೂ ಬದುಕಿದ್ದರೆ ಹಕ್ಕು ಇನ್ನೂ ಆ ಕುಟುಂಬದ ಹತ್ತಿರ ಇರಬಹುದು. 1880, 1890ರ ದಶಕದ, ಯಾರು ತೆಗೆದರೋ ತಿಳಿಯದ ಪ್ಲೇಟುಗಳಿಗೆ ಚಿಂತೆ ಇಲ್ಲ. ಯಾವುದಕ್ಕೂ ಅಜ್ಜಿಯಿಂದ ಒಂದು ಕಾಗದ ಬರೆಸಿಕೊಳ್ಳಿ, ಪ್ಲೇಟುಗಳನ್ನೂ ತನಗಿರುವ ಹಕ್ಕನ್ನೂ ನಿಮಗೆ ಕೊಟ್ಟಿದ್ದೇನೆ ಅಂತ, ತಾರೀಕು ಸಹಿ ಸಮೇತ. ನಾಳೆ ಅವರ ಮಕ್ಕಳು ಬಂದು ಕೇಳಿದರೆ ನಿಮಗೂ ಧೈರ್ಯ, ಮ್ಯೂಸಿಯಮ್ಮಿನವರೂ ಈ ಕಾಗದ ಕೇಳಿಯೇ ಕೇಳುತ್ತಾರೆ. ಸಾಧ್ಯವಾದರೆ ಮಕ್ಕಳಿಗೂ ಈಗಲೇ ಒಂದು ಮಾತು ಹೇಳಿ ಬಿಡಿ.

ಎಐ ಬಣ್ಣ ನನಗೆ ಇಷ್ಟ ಇಲ್ಲ, ಅದನ್ನು ಮುಚ್ಚಿಡುವುದಿಲ್ಲ. ಪ್ಲೇಟಿನಲ್ಲಿ ಬಣ್ಣದ ಮಾಹಿತಿಯೇ ಇಲ್ಲ, ಯಂತ್ರ ಊಹೆ ಮಾಡುತ್ತದೆ. ಈ ಪ್ಲೇಟುಗಳಿಗೆ ಕೆಂಪು ಕಪ್ಪಾಗಿ ಕಾಣುತ್ತಿದ್ದದ್ದರಿಂದ ಯಾರದೋ ಕೆಂಪು ಹಬ್ಬದ ಬಟ್ಟೆ ಅದರ ಕೈಯಲ್ಲಿ ಕಂದು ದುಃಖದ ಬಟ್ಟೆಯಾಗುತ್ತದೆ. ಮುಖ ಸ್ಪಷ್ಟ ಮಾಡುವ ಆ್ಯಪ್‌ಗಳು ಇನ್ನೂ ಕೆಟ್ಟವು, ಅವು ಮಸುಕಾದ ಮುಖದ ಜಾಗದಲ್ಲಿ ಇಲ್ಲದ ಒಂದು ಮುಖ ಕೂರಿಸುತ್ತವೆ, ಆಮೇಲೆ ಯಾರೋ ಅದನ್ನೇ ತಮ್ಮ ಮುತ್ತಜ್ಜಿ ಅಂತ ಇಟ್ಟುಕೊಳ್ಳುತ್ತಾರೆ. ಮಾಡಲೇಬೇಕು ಅಂದರೆ ಮೂಲದ ಪಕ್ಕದಲ್ಲೇ ಹಾಕಿ, ಬಣ್ಣ ಊಹೆಯದ್ದು ಅಂತ ಚಿತ್ರದ ಮೇಲೇ ಬರೆಯಿರಿ.

ಪದರ ಎದ್ದಿರುವ ಪ್ಲೇಟುಗಳಿಗೆ ನಿಮ್ಮ ಓಮಾಹಾದಲ್ಲೇ ಜೆರಾಲ್ಡ್ ಫೋರ್ಡ್ ಸಂರಕ್ಷಣಾ ಕೇಂದ್ರ ಇದೆ, ರಾಜ್ಯದ ಇತಿಹಾಸ ಸಂಸ್ಥೆಯವರದ್ದೇ. ಮೊದಲು ಫೋನ್ ಮಾಡಿ, ಖರ್ಚು ಎಷ್ಟಾಗುತ್ತದೆ, ಯಾವುದನ್ನು ಮಾತ್ರ ತರಲಿ ಅಂತ ಕೇಳಿ. ಒಯ್ಯುವಾಗ ಕಾರಿನ ಡಿಕ್ಕಿಯಲ್ಲಿಡಬೇಡಿ, ಬೇಸಿಗೆಯಲ್ಲಿ ಅಲ್ಲಿ ಕಾವು ಏರುತ್ತದೆ. ಸೀಟಿನ ಮೇಲೆ ದಪ್ಪ ಟವೆಲ್ ಹಾಸಿ, ಪ್ಲೇಟುಗಳನ್ನು ಒಂದೊಂದಾಗಿ ಆಳವಿಲ್ಲದ ಡಬ್ಬಿಯಲ್ಲಿ ಮಲಗಿಸಿ, ಎದ್ದ ಪದರಕ್ಕೆ ಮುಚ್ಚಳ ತಾಗದ ಹಾಗೆ ನೋಡಿಕೊಳ್ಳಿ. ಚೂರು ಉದುರಿದ್ದರೆ ಅದನ್ನು ಒಂದು ಸಣ್ಣ ಕಾಗದದಲ್ಲಿ ಮಡಚಿ, ಯಾವ ಪ್ಲೇಟಿನದ್ದು ಅಂತ ಸಂಖ್ಯೆ ಬರೆದು ಜೊತೆಗೆ ಕೊಡಿ.